ಯಾರು ನೋಡಿದರು ಎಂಬ ಕಾಲಂ

ಬೆಂಗಳೂರು
10 ಆಗಸ್ಟ್ 1998

ಶ್ರೀ ಗವಿಸಿದ್ದೇಶ್ ಅವರಿಗೆ,

ನೀವು ನಮ್ಮ ವಾರ್ಡು ಬಿಟ್ಟು ಕೊಟ್ಟೂರಿಗೆ ಹೋಗಿ ಎರಡು ತಿಂಗಳಾಯಿತು. ಬೆನ್ನುಹುರಿಗೆ ಪೆಟ್ಟಾಗಿ ಮನೆ ಸೇರಿದವರಿಗೆಲ್ಲ ತಿಂಗಳಿಗೊಂದು ಹಾಳೆ ಕಳಿಸಿ ತುಂಬಿಸಿಕೊಳ್ಳುವ ಏರ್ಪಾಡು ಆಸ್ಪತ್ರೆಯಲ್ಲಿ ಈಗ ಶುರುವಾಗಿದೆ. ಇಂಗ್ಲಿಷಿನಲ್ಲಿದ್ದ ಹಾಳೆಯನ್ನು ನಾನೇ ಕನ್ನಡಕ್ಕೆ ಇಳಿಸಿದ್ದೇನೆ. ತುಂಬಿ, ಸ್ಟಾಂಪು ಹಚ್ಚಿದ ಲಕೋಟೆಯಲ್ಲಿ ವಾಪಸ್ ಕಳಿಸಿ.

ಒಂದೇ ಕಡೆ ಕೂತರೆ ನಮಗೆ ನೋವಾಗುತ್ತದೆ, ಗೊತ್ತಿಲ್ಲದೆಯೇ ಮಗ್ಗುಲು ಬದಲಿಸುತ್ತೇವೆ. ಸೊಂಟದಿಂದ ಕೆಳಗೆ ನಿಮಗೆ ಆ ನೋವು ತಿಳಿಯುವುದಿಲ್ಲ. ಒತ್ತಿದ ಜಾಗಕ್ಕೆ ರಕ್ತ ಬಾರದೆ ಮಾಂಸ ಒಳಗೊಳಗೇ ಸಾಯುತ್ತದೆ. ಹುಣ್ಣು ಕಣ್ಣಿಗೆ ಬೀಳುವ ಹೊತ್ತಿಗೆ ತಡವಾಗಿರುತ್ತದೆ. ನಿಮ್ಮ ಪಕ್ಕದ ಮಂಚದ ಹುಲುಗಣ್ಣ ಸತ್ತದ್ದು ಬೆನ್ನು ಮುರಿದದ್ದರಿಂದ ಅಲ್ಲ, ಇಂಥ ಹುಣ್ಣಿನಿಂದ. ಅದನ್ನು ನೀವೇ ಕಣ್ಣಾರೆ ಕಂಡಿದ್ದೀರಿ.

ಹಾಳೆಯ ಪ್ರತಿ ಪ್ರಶ್ನೆಗೂ ಅಂಕವಿದೆ. ಎಷ್ಟು ಹೊತ್ತಿಗೊಮ್ಮೆ ಕೈಯೂರಿ ಮೈ ಎತ್ತುತ್ತೀರಿ, ಬಟ್ಟೆ ಒದ್ದೆಯಾಗುತ್ತದೆಯೇ, ಊಟ ಹೇಗೆ, ಬೀಡಿ ಉಂಟೇ, ಚರ್ಮ ಎಲ್ಲಾದರೂ ಕೆಂಪಾಗಿದೆಯೇ. ಒಟ್ಟು ಅಂಕ ಹೆಚ್ಚಿದಷ್ಟೂ ಅಪಾಯ ಹೆಚ್ಚು. ಹತ್ತು ದಾಟಿದರೆ ಕೂಡಲೇ ಬರೆಯಿರಿ.

ಕೊನೆಯ ಕಾಲಂ "ಬೆನ್ನು ಯಾರು ನೋಡಿದರು" ಎಂದಿದೆ. ಕನ್ನಡಿ ಸಾಲದು, ಇನ್ನೊಬ್ಬರ ಕಣ್ಣು ಬೇಕು. ನೋಡಿದವರು ಸಹಿ ಇಲ್ಲವೇ ಹೆಬ್ಬೆಟ್ಟು ಹಾಕಬೇಕು. ಬೆನ್ನು ಎಂದರೆ ಕೂರುವ ಎಲುಬು, ಬೆನ್ನೆಲುಬಿನ ತುದಿ, ಹಿಮ್ಮಡಿ ಎಲ್ಲವೂ ಬಂತು. ಸಂಕೋಚಕ್ಕೆ ಬೆನ್ನು ಎಂದಷ್ಟೇ ಬರೆದಿದ್ದೇನೆ.

ಪುಷ್ಪಲತಾ, ಸ್ಟಾಫ್ ನರ್ಸ್


ಕೊಟ್ಟೂರು
2 ಸೆಪ್ಟೆಂಬರ್ 1998

ಪುಷ್ಪಲತಾ ಸಿಸ್ಟರ್ ಅವರಿಗೆ ಗವಿಸಿದ್ದೇಶನ ನಮಸ್ಕಾರಗಳು.

ಇಲ್ಲಿ ಎಲ್ಲ ಕ್ಷೇಮ ಎಂದು ಬರೆಯೋಣವೆಂದರೆ ನೀವು ಅದನ್ನು ಅಂಕದಲ್ಲಿ ಬರೆಯಬೇಕು ಎಂದಿದ್ದೀರಿ. ಮೂರು ಬಂದಿದೆ. ಶಾಲೆಯಲ್ಲಿ ನನಗೆ ಯಾವಾಗಲೂ ಮೂರೇ ಬರುತ್ತಿತ್ತು. ಮೇಷ್ಟ್ರು ಕಿವಿ ಹಿಂಡುತ್ತಿದ್ದರು. ಶಾಭಾಸ್ ಅನ್ನುವವರು ನೀವೇ ಮೊದಲು.

ಅಂಗವಿಕಲರ ಕೋಟಾದಲ್ಲಿ ನನಗೆ ಎಸ್‌ಟಿಡಿ ಬೂತು ಸಿಕ್ಕಿದೆ. ಬಸ್‌ಸ್ಟ್ಯಾಂಡಿನ ಎದುರಿಗೇ ಇದೆ. ಹೋದ ವರ್ಷದವರೆಗೆ ಇದೇ ಸ್ಟ್ಯಾಂಡಿನಲ್ಲಿ ನಾನು ಬಸ್ಸಿನ ಮೇಲೆ ಹತ್ತಿ ಲಗೇಜು ಇಳಿಸುತ್ತಿದ್ದೆ. ಹಡಗಲಿ ಮಲ್ಲಿಗೆಯ ಬುಟ್ಟಿ ಇಳಿಸುವಾಗ ಕಾಲು ಜಾರಿತು. ಬುಟ್ಟಿಯನ್ನು ಎದೆಗೆ ಅಪ್ಪಿಕೊಂಡೇ ಬಿದ್ದೆ, ಹೂವಿಗೆ ಏನೂ ಆಗಲಿಲ್ಲ.

ಮೈ ಎತ್ತುವುದಕ್ಕೆ ನಾನೊಂದು ಉಪಾಯ ಮಾಡಿದ್ದೇನೆ. ಒಬ್ಬರ ಮಾತು ಮುಗಿದ ಕೂಡಲೇ ಮಷೀನಿನಿಂದ ಬಿಲ್ ಬರುತ್ತದೆ. ಅದನ್ನು ಹರಿದು ಕೊಟ್ಟು, ಗಾಲಿಕುರ್ಚಿಯ ಎರಡೂ ಕೈಗಳ ಮೇಲೆ ಭಾರ ಹಾಕಿ ಮೈ ಎತ್ತಿ ಇಪ್ಪತ್ತು ಎಣಿಸುತ್ತೇನೆ. ದಿನಕ್ಕೆ ಎಪ್ಪತ್ತು ಬಿಲ್ ಬಂದರೆ ಎಪ್ಪತ್ತು ಸಲ. ಬೇರೆ ಗಡಿಯಾರ ಬೇಡ.

ಒಂದು ತಕರಾರಿದೆ. ಹಾಳೆಯಲ್ಲಿ "ಚರ್ಮ ಕೆಂಪಾಗಿದೆಯೇ" ಎಂದು ಕೇಳಿದ್ದೀರಿ. ನಮ್ಮವ್ವ ಗುರುಬಸಮ್ಮ ಅದನ್ನು ಓದಿಸಿಕೊಂಡು, ನನ್ನನ್ನು ಬಿಸಿಲಿಗೆ ಬೋರಲು ಮಲಗಿಸಿ ಹುಡುಕಿದಳು. "ಯಪ್ಪಾ, ನಿಮ್ಮಪ್ಪನ ಬಣ್ಣ ಬಂದೈತಿ ನಿನಗ. ಇದ್ರಾಗ ಕೆಂಪು ಎಲ್ಲಿಂದ ಹುಡುಕಿ ತರ್ಲಿ ನಾ? ಆದ್ರ ಬಲಗಡಿ ಕೈ ಇಟ್ರ ಬಿಸಿ ಹತ್ತೈತಿ ನೋಡು" ಅಂದಳು. ಅದಕ್ಕೆ ಯಾವ ಅಂಕವೂ ಇರಲಿಲ್ಲ. ಎರಡು ದಿನ ಬಲಕ್ಕೆ ಒರಗದೆ ಇದ್ದೆ, ಬಿಸಿ ಹೋಯಿತು.

ಹೆಬ್ಬೆಟ್ಟು ಅವ್ವನದು.

ಗವಿಸಿದ್ದೇಶ್


ಬೆಂಗಳೂರು
21 ಸೆಪ್ಟೆಂಬರ್ 1998

ಗವಿಸಿದ್ದೇಶ್ ಅವರಿಗೆ,

ನಿಮ್ಮ ಪತ್ರವನ್ನು ವಾರ್ಡಿನಲ್ಲಿ ಎಲ್ಲರಿಗೂ ಓದಿ ಹೇಳಿದೆ. ನಗು ನಿಂತ ಮೇಲೆ ನನಗೆ ನಾಚಿಕೆಯಾಯಿತು. ಯಾವುದೋ ದೇಶದಲ್ಲಿ ಬೆಳ್ಳಗಿನವರ ಮೈ ನೋಡಿ ಬರೆದ ಪ್ರಶ್ನೆಯನ್ನು ಹಾಗೇ ಕನ್ನಡಕ್ಕೆ ಇಳಿಸಿದ್ದೆ. ನಾನು ಹಡಗಲಿ ತಾಲ್ಲೂಕಿನ ಇಟ್ಟಿಗಿಯವಳು, ನನ್ನ ಮೈಮೇಲೂ ಕೆಂಪು ಕಾಣುವುದಿಲ್ಲ. ಅಷ್ಟು ಹೊಳೆಯಲಿಲ್ಲ ನೋಡಿ.

ಹಾಳೆ ಬದಲಿಸಿದ್ದೇನೆ. "ಸುತ್ತಲಿನ ಚರ್ಮಕ್ಕಿಂತ ಕಪ್ಪಾಗಿದೆಯೇ? ಗಟ್ಟಿಯಾಗಿದೆಯೇ? ಬೆರಳ ಹಿಂಭಾಗದಿಂದ ಮುಟ್ಟಿದರೆ ಬಿಸಿಯಿದೆಯೇ?" ಕೊನೆಯದು ನಿಮ್ಮ ತಾಯಿಯ ಪ್ರಶ್ನೆಯೇ. ಅವರ ಕೈ ಇರುವವರೆಗೆ ನಿಮ್ಮ ಬಗ್ಗೆ ನನಗೆ ಚಿಂತೆಯಿಲ್ಲ.

ಬಿಲ್ಲಿನ ಉಪಾಯ ಬಹಳ ಚೆನ್ನಾಗಿದೆ. ಬೇರೆಯವರಿಗೂ ಹೇಳುತ್ತಿದ್ದೇನೆ.

ಪುಷ್ಪಲತಾ


ಕೊಟ್ಟೂರು
5 ಮೇ 2000

ಸಿಸ್ಟರ್,

ಈ ತಿಂಗಳೂ ಮೂರೇ. ಹೆಬ್ಬೆಟ್ಟು ಸ್ವಲ್ಪ ಅಳಿಸಿದೆ, ಅವ್ವ ರೊಟ್ಟಿ ತಟ್ಟುವಾಗ ಎದ್ದು ಬಂದು ಒತ್ತಿದಳು.

ಬೂತು ಜೋರಾಗಿ ನಡೆದಿದೆ. ತಂಬ್ರಹಳ್ಳಿಯ ಎರ್ರೆಮ್ಮ ವಾರಕ್ಕೊಮ್ಮೆ ಬಂದು ಗೋವಾದಲ್ಲಿ ದುಡಿಯುವ ಮಗನ ಜೊತೆ ಮಾತಾಡುತ್ತಾಳೆ. ಗೋವಾ ದೂರವಲ್ಲವೇ, ಅದಕ್ಕೆ ಕೂಗುತ್ತಾಳೆ. "ಉಂಡ್ಯೇನೋ? ಏನ್ ಉಂಡಿ? ಮೀನಾ? ಥೂ ನಿನ್ನ!" ಇಡೀ ಬಸ್‌ಸ್ಟ್ಯಾಂಡಿಗೆ ಅವನ ಊಟದ ಸುದ್ದಿ ಗೊತ್ತಾಗುತ್ತದೆ.

ದಿನಾ ಎಷ್ಟೊಂದು ಮಾತು ನನ್ನ ಕಿವಿಯ ಮೇಲೆ ಬೀಳುತ್ತದೆ ಸಿಸ್ಟರ್. ಹೆಣ್ಣು ಹುಟ್ಟಿದ್ದು, ಕೋರ್ಟಿನ ತಾರೀಖು, ಹರಪನಹಳ್ಳಿಯಲ್ಲಿ ಸತ್ತವರು. ಅದರಲ್ಲಿ ನನಗೆಂದು ಆಡಿದ ಮಾತು "ಎಷ್ಟಾತು?" ಒಂದೇ. ನಿಮ್ಮ ಹಾಳೆಯಲ್ಲಿ ಇದಕ್ಕೊಂದು ಕಾಲಂ ಇಲ್ಲ, ಅದಕ್ಕೆ ಹಿಂದುಗಡೆ ಬರೆಯುತ್ತಿದ್ದೇನೆ.

ಗವಿಸಿದ್ದೇಶ್


ಬೆಂಗಳೂರು
18 ಜನವರಿ 2001

ಗವಿಸಿದ್ದೇಶ್ ಅವರಿಗೆ,

ಇನ್ನು ಮುಂದೆ ಹಾಳೆಯನ್ನು ಆಸ್ಪತ್ರೆಗೆ ಕಳಿಸಬೇಡಿ. ಕೆಳಗಿರುವ ನನ್ನ ಕ್ವಾರ್ಟರ್ಸ್ ವಿಳಾಸಕ್ಕೆ ಕಳಿಸಿ. ಆಸ್ಪತ್ರೆಯಲ್ಲಿ ಟಪಾಲು ಆಚೀಚೆ ಆಗುತ್ತಿದೆ. ಬೇರೇನೂ ಬದಲಾಗಿಲ್ಲ.

ಹಾಳೆಯ ಹಿಂದುಗಡೆ ಬರೆಯುವುದನ್ನು ನಿಲ್ಲಿಸಬೇಡಿ.

ಪುಷ್ಪಲತಾ


ಕೊಟ್ಟೂರು
4 ಆಗಸ್ಟ್ 2003

ಸಿಸ್ಟರ್,

ಅಂಕ ಮೂರು. ಹೆಬ್ಬೆಟ್ಟು ಹಾಕಿದೆ.

ಎರ್ರೆಮ್ಮ ಮೊನ್ನೆ ಬೂತಿಗೆ ಬಂದಿದ್ದಳು. ಫೋನ್ ಮಾಡುವುದಕ್ಕಲ್ಲ, ಸೆರಗಿನ ಗಂಟಿನಿಂದ ಮೊಬೈಲು ತೆಗೆದು ತೋರಿಸುವುದಕ್ಕೆ. "ನೋಡೋ ಸಿದ್ದೇಶ, ನನ್ನ ಮಗ ಕೊಟ್ಟು ಕಳಿಸ್ಯಾನ. ಇನ್ನ ನಿನ್ನ ಪೆಟಿಗಿ ಹಂಗಿಲ್ಲ ನನಗ!" ಈಗಲೂ ಹಾಗೇ ಕೂಗುತ್ತಾಳಂತೆ, ಹೊಲದಲ್ಲಿ ನಿಂತು.

ಬೇರೆ ವಿಶೇಷವಿಲ್ಲ.

ಗವಿಸಿದ್ದೇಶ್


ಬೆಂಗಳೂರು
1 ಸೆಪ್ಟೆಂಬರ್ 2003

ಗವಿಸಿದ್ದೇಶ್,

ಎರ್ರೆಮ್ಮನ ಸುದ್ದಿ ಓದಿ ಒಬ್ಬಳೇ ಕೂತು ನಕ್ಕೆ. ಸೆರಗಿನ ಗಂಟಿನಲ್ಲಿ ಮೊಬೈಲು!

ಐದು ವರ್ಷದಿಂದ ಮೂರು ದಾಟಿಲ್ಲ ನೀವು. ಹೊಸದಾಗಿ ಬಂದವರಿಗೆ ನಿಮ್ಮ ಹಾಳೆಗಳನ್ನೇ ತೋರಿಸುತ್ತೇನೆ. ಅವ್ವನಿಗೆ ನನ್ನ ನಮಸ್ಕಾರ ತಿಳಿಸಿ. ಅವರ ಕೈಯ ರೊಟ್ಟಿ ತಿನ್ನಲು ಒಮ್ಮೆ ಬರಬೇಕು. ಇಟ್ಟಿಗಿಯಲ್ಲಿ ನನಗೀಗ ಯಾರೂ ಇಲ್ಲ, ಆ ಕಡೆ ಬಂದರೆ ನಿಮ್ಮಲ್ಲಿಗೇ ಬರಬೇಕು.

ಪುಷ್ಪಲತಾ


ಬೆಂಗಳೂರು
12 ಸೆಪ್ಟೆಂಬರ್ 2004

ಗವಿಸಿದ್ದೇಶ್,

ಜುಲೈ ಹಾಳೆ ಬರಲಿಲ್ಲ. ಟಪಾಲು ತಡವಾಯಿತು ಅಂದುಕೊಂಡೆ. ಆಗಸ್ಟಿನದೂ ಬರಲಿಲ್ಲ. ನಿನ್ನೆ ನಿಮ್ಮ ಹಳೆಯ ಹಾಳೆಗಳನ್ನೆಲ್ಲ ತೆಗೆದು ಮಂಚದ ಮೇಲೆ ಸಾಲಾಗಿ ಹರಡಿದೆ. ಏನಾದರೂ ಗೊತ್ತಾದೀತು ಎಂದು ನೋಡುತ್ತಾ ಕೂತೆ. ಅಂಕಗಳಲ್ಲಿ ಏನೂ ಕಾಣಲಿಲ್ಲ.

ನಿಮ್ಮ ತಾಯಿಯ ಹೆಬ್ಬೆಟ್ಟಿನಲ್ಲಿ ಅಡ್ಡಕ್ಕೆ ಒಂದು ಬಿಳಿ ಗೆರೆಯಿದೆ. ಕುಡುಗೋಲು ತಾಗಿದ ಗಾಯವಿರಬೇಕು. 1998ರಿಂದ ಪ್ರತಿ ಹಾಳೆಯಲ್ಲೂ ಇದೆ. 2003ರ ಜೂನ್ ಹಾಳೆಯಲ್ಲೂ ಇದೆ. ಜುಲೈನಿಂದ ಆ ಗೆರೆಯಿಲ್ಲ. ಬೆರಳೂ ದಪ್ಪ.

ಆಮೇಲಿನ ಹನ್ನೆರಡು ಹಾಳೆಗಳ ಹೆಬ್ಬೆಟ್ಟು ಯಾರದು ಗವಿಸಿದ್ದೇಶ್? ನಿಮ್ಮ ಬೆನ್ನನ್ನು ಯಾರು ನೋಡುತ್ತಿದ್ದಾರೆ?

ಈ ಪತ್ರ ತಲುಪಿದ ದಿನವೇ ಯಾರಿಗಾದರೂ ತೋರಿಸಿ. ಯಾರಿಗಾದರೂ ಸರಿ. ತೋರಿಸಿದ ಮೇಲೆ ಬರೆಯಿರಿ.

ಪುಷ್ಪಲತಾ


ಕೊಟ್ಟೂರು
19 ಸೆಪ್ಟೆಂಬರ್ 2004

ಸಿಸ್ಟರ್,

ನನ್ನದೇ.

ಅವ್ವ ಹೋದ ವರ್ಷ ಜೂನ್ ಕೊನೆಗೆ ತೀರಿಕೊಂಡಳು. ಎರಡು ದಿನದ ಜ್ವರ, ಅಷ್ಟೇ. ಆ ತಿಂಗಳ ಹಾಳೆಗೆ ಆಗಲೇ ಹೆಬ್ಬೆಟ್ಟು ಒತ್ತಿ ಇಟ್ಟಿದ್ದಳು. ಮುಂದಿನ ಹಾಳೆ ಬಂದಾಗ ಕೊನೆಯ ಕಾಲಂ ನೋಡುತ್ತಾ ಬಹಳ ಹೊತ್ತು ಕೂತೆ. ಖಾಲಿ ಬಿಟ್ಟು ಕಳಿಸಿದರೆ ನಿಮ್ಮ ಆಸ್ಪತ್ರೆಯವರು, ಇವನು ನಿಯಮ ಪಾಲಿಸುವುದಿಲ್ಲ ಎಂದು ಹೆಸರು ಹೊಡೆದು ಹಾಕಬಹುದು ಅನಿಸಿತು. ನನ್ನ ಹೆಸರಿಗೆ ಬರುವ ಟಪಾಲು ಅದೊಂದೇ. ಬೂತಿನ ಸ್ಟಾಂಪ್ ಪ್ಯಾಡಿಗೆ ಬೆರಳು ಒತ್ತಿ ಹಾಕಿಬಿಟ್ಟೆ. ಅವ್ವನ ಬೆರಳಲ್ಲಿ ಗೆರೆಯಿತ್ತು ಎಂಬುದು ನನಗೆ ನೆನಪೇ ಇರಲಿಲ್ಲ. ನಿಮಗಿತ್ತು.

ಅವಳು ಹೋದ ಮೇಲೆ ನನ್ನ ಬೆನ್ನನ್ನು ಯಾರೂ ಮುಟ್ಟಿಲ್ಲ. ಅಲ್ಲಿ ತೋರಿಸಿ ನೋಡು ಎಂದು ಯಾರನ್ನು ಕೇಳಲಿ? ನಾಚಿಕೆಯಾಗುತ್ತದೆ ಸಿಸ್ಟರ್. ಮೊದಮೊದಲು ಕನ್ನಡಿ ಹಿಡಿದೆ, ಆಮೇಲೆ ಅದನ್ನೂ ಬಿಟ್ಟೆ. ಅಂಕ ಮಾತ್ರ ಮೂರು ಬರೆಯುತ್ತಿದ್ದೆ. ಈ ಜುಲೈನಲ್ಲಿ ಜ್ವರ ಬಂದಿತು. ಆಗ ಹೆದರಿಕೆಯಾಗಿ, ಸುಳ್ಳು ಬರೆಯಲೂ ಆಗದೆ, ನಿಜ ಬರೆಯಲೂ ಆಗದೆ ಹಾಳೆಯನ್ನು ಡ್ರಾಯರಿನಲ್ಲಿ ಇಟ್ಟೆ.

ಇನ್ನೊಂದೂ ಹೇಳಿಬಿಡುತ್ತೇನೆ. ಬೂತಿಗೆ ಈಗ ಜನ ಬರುವುದಿಲ್ಲ. ದಿನಕ್ಕೆ ಐದೋ ಆರೋ ಬಿಲ್. ನಿನ್ನೆ ಎರಡು.

ನಿಮ್ಮ ಪತ್ರ ಬಂದ ದಿನ ಪಕ್ಕದ ಸೈಕಲ್ ಶಾಪಿನ ಅಬ್ದುಲ್ ಮಜೀದನನ್ನು ಕರೆದೆ. ಅರ್ಧ ಗಂಟೆ ಸುತ್ತಿ ಬಳಸಿ ಮಾತಾಡಿ ಕೊನೆಗೆ ಹೇಳಿದೆ. "ಇಷ್ಟಕ್ಕ ಒಂದು ವರ್ಷ ಬಾಯಿ ಮುಚ್ಚಿಕೊಂಡು ಕುಂತಿದ್ಯೇನ್ಲೇ? ದಿನಾ ನೂರು ಟ್ಯೂಬ್ ನೀರಾಗ ಇಟ್ಟು ಎಲ್ಲಿ ತೂತೈತಿ ಅಂತ ನೋಡಾಂವ ನಾ. ನಿನ್ನ ಬೆನ್ನು ನೋಡಾಕ ಬರಂಗಿಲ್ಲೇನು?" ಅಂದು ಕೈ ತೊಳೆದುಕೊಂಡು ಬಂದು ನೋಡಿದ.

ಬಲಗಡೆ ಕೂರುವ ಎಲುಬಿನ ಮೇಲೆ ರೂಪಾಯಿ ಅಗಲ ಕಪ್ಪಾಗಿದೆಯಂತೆ. ಗಟ್ಟಿಯಾಗಿದೆ, ಬಿಸಿಯಿದೆ. ಚರ್ಮ ಒಡೆದಿಲ್ಲ. ವಾರ್ಡು ಬಿಡುವಾಗ ನೀವು ಕೊಟ್ಟ, ಕೂರುವ ಫೋಮು ಸವೆದು ಹೋದ ಮೇಲೆ ಮಜೀದನೇ ಪ್ರೀತಿಯಿಂದ ಮಾಡಿಕೊಟ್ಟ ಸ್ಕೂಟರ್ ಟ್ಯೂಬಿನ ಮೇಲೆ ಕೂರುತ್ತಿದ್ದೇನೆ, ಅದರಿಂದಲೋ ಏನೋ.

ಈ ಸಲ ನಿಜವಾಗಿ ಕೂಡಿಸಿದೆ. ಹದಿನಾಲ್ಕು. ಸಹಿ ಮಜೀದನದು, ಉರ್ದುವಿನಲ್ಲಿದೆ.

ನಾನು ಹುಲುಗಣ್ಣನ ಹಾಗೆ ಸಾಯುತ್ತೇನೆಯೇ?

ಗವಿಸಿದ್ದೇಶ್


ಬೆಂಗಳೂರು
23 ಸೆಪ್ಟೆಂಬರ್ 2004

ಗವಿಸಿದ್ದೇಶ್,

ಇಲ್ಲ. ನಾನು ಹೇಳಿದಂತೆ ಕೇಳಿದರೆ ಇಲ್ಲ.

ಇವತ್ತಿನಿಂದ ಕೂರಬೇಡಿ. ಬೋರಲು ಮಲಗಿ, ಎದೆಯ ಕೆಳಗೆ ದಿಂಬು. ಕಪ್ಪು ತಿಳಿಯಾಗಿ ಗಟ್ಟಿತನ ಹೋಗುವವರೆಗೂ ಹೀಗೇ, ಎಷ್ಟು ವಾರವಾದರೂ ಸರಿ. ಆ ಜಾಗ ತಿಕ್ಕಬೇಡಿ. ಅರಿಶಿನ, ವಿಭೂತಿ ಏನೂ ಹಚ್ಚಬೇಡಿ. ಮೊಟ್ಟೆ ತಿನ್ನಿ ಎಂದರೆ ನಿಮ್ಮ ಮನೆದೇವರು ಒಪ್ಪುವುದಿಲ್ಲ, ಬೇಳೆ, ಶೇಂಗಾ, ಹಾಲು ಹೆಚ್ಚಿಸಿ. ಒಡೆದು ನೀರು ಬಂದರೆ, ಜ್ವರ ಬಂದರೆ ಪತ್ರ ಬರೆಯುತ್ತಾ ಕೂರಬೇಡಿ, ಗಾಡಿಯಲ್ಲಿ ಮಲಗಿ ಇಲ್ಲಿಗೆ ಬನ್ನಿ. ಟ್ಯೂಬನ್ನು ಇವತ್ತೇ ಮಜೀದಣ್ಣನಿಗೆ ವಾಪಸ್ ಕೊಡಿ. ನಡುವೆ ತೂತಿರುವುದರಿಂದ ಮೆತ್ತಗೆ ಅನಿಸುತ್ತದೆ, ಆದರೆ ಸುತ್ತಲಿನ ಅಂಚು ರಕ್ತವನ್ನು ತಡೆಯುತ್ತದೆ. ನಾನು ಬೈದೆ ಎಂದು ಹೇಳಬೇಡಿ. ಹೊಸ ಫೋಮು ಬಸ್ಸಿಗೆ ಹಾಕುತ್ತೇನೆ.

ಬೈಯಬೇಕಾದ್ದು ನನ್ನನ್ನೇ. ಬಿಲ್ ಹರಿದಾಗಲೆಲ್ಲ ಎತ್ತುತ್ತೇನೆ ಎಂದು ನೀವು ಯಾವತ್ತೋ ಬರೆದದ್ದನ್ನೇ ನಂಬಿಕೊಂಡೆ. ಎರ್ರೆಮ್ಮನ ಕೈಗೆ ಮೊಬೈಲು ಬಂತು ಎಂದು ನೀವೇ ತಿಳಿಸಿದಿರಿ. ಎರ್ರೆಮ್ಮ ಬಾರದಿದ್ದರೆ ನಿಮಗೆ ಬಿಲ್ ಇಲ್ಲ, ಬಿಲ್ ಇಲ್ಲದಿದ್ದರೆ ಎತ್ತುವುದಿಲ್ಲ. ಇಪ್ಪತ್ತೆರಡು ವರ್ಷ ಈ ಕೆಲಸ ಮಾಡಿದವಳು ಅದನ್ನು ಓದಿ ನಕ್ಕು ಮಡಿಸಿಟ್ಟೆ.

ನೀವು ನಿಜ ಹೇಳಿದಿರಿ, ನಾನೂ ಹೇಳುತ್ತೇನೆ. ಈ ಹಾಳೆ ಕಳಿಸುವ ಏರ್ಪಾಡನ್ನು ಆಸ್ಪತ್ರೆ 2001ರಲ್ಲೇ ನಿಲ್ಲಿಸಿತು. ಟಪಾಲು ಆಚೀಚೆ ಆಗುತ್ತದೆ ಎಂದು ನಿಮಗೆ ಸುಳ್ಳು ಬರೆದೆ. ಅಂದಿನಿಂದ ಈ ಹಾಳೆಗಳನ್ನು ಓದುತ್ತಿರುವವಳು ನಾನೊಬ್ಬಳೇ. ಉಳಿದವರೆಲ್ಲ ಒಬ್ಬೊಬ್ಬರಾಗಿ ಕಳಿಸುವುದನ್ನು ಬಿಟ್ಟರು. ಇದು ಆಸ್ಪತ್ರೆಯದಲ್ಲ ಎಂದು ತಿಳಿದರೆ ನೀವೂ ಬಿಡುತ್ತೀರಿ ಎಂದು ಹೆದರಿದ್ದೆ. ನನ್ನ ಹೆಸರಿಗೆ ಬರುವ ಟಪಾಲೂ ಅದೊಂದೇ.

ನಿಮ್ಮ ಹೆಸರು ಹೊಡೆದು ಹಾಕುವವರು ಇಲ್ಲಿ ಯಾರೂ ಇಲ್ಲ.

ಅವ್ವ ಒತ್ತಿದ ಹಾಳೆಗಳನ್ನೆಲ್ಲ ಬೇರೆಯಾಗಿ ತೆಗೆದಿಟ್ಟಿದ್ದೇನೆ.

ಪುಷ್ಪಲತಾ


ಕೊಟ್ಟೂರು
28 ಡಿಸೆಂಬರ್ 2004

ಸಿಸ್ಟರ್,

ಕಪ್ಪು ಹೋಯಿತು. ಮಜೀದ ಬೆರಳ ಹಿಂಭಾಗದಿಂದ ಮುಟ್ಟಿ, "ತಣ್ಣಗೈತಿ, ಎರಡೂ ಕಡಿ ಒಂದ ಥರಾ ಐತಿ" ಎಂದು ಸರ್ಟಿಫಿಕೇಟು ಕೊಟ್ಟ. ಹೊಸ ಫೋಮಿನ ಮೇಲೆ ದಿನಕ್ಕೆ ಎರಡು ಗಂಟೆಯಿಂದ ಶುರುಮಾಡಿ ಈಗ ಆರು ಗಂಟೆ ಕೂರುತ್ತಿದ್ದೇನೆ.

ಹನ್ನೊಂದು ವಾರ ಬೂತಿನಲ್ಲೇ ಹಲಗೆಯ ಮೇಲೆ ಬೋರಲು ಮಲಗಿದ್ದೆ. ಬಂದವರ ಮುಖ ಕಾಣುತ್ತಿರಲಿಲ್ಲ, ಚಪ್ಪಲಿ ನೋಡಿ ಗುರುತು ಹಿಡಿಯುತ್ತಿದ್ದೆ. ಅಷ್ಟು ಜನ ಬಂದರೆಂದಲ್ಲ. ಒಂದೊಂದು ದಿನ ಪೋಸ್ಟ್‌ಮ್ಯಾನ್ ಪಾಲಣ್ಣನ ಚಪ್ಪಲಿ ಬಿಟ್ಟು ಬೇರೆ ಕಾಣುತ್ತಿರಲಿಲ್ಲ.

ಈಗಿರುವ ತೊಂದರೆ ಬೇರೆ. ಎತ್ತುವುದು ಮರೆತುಹೋಗುತ್ತದೆ. ಅಲಾರಾಂ ಗಡಿಯಾರ ತಂದೆ. ಎರಡು ದಿನ ಅದರ ಮಾತು ಕೇಳಿದೆ, ಮೂರನೆಯ ದಿನ ತಲೆಯ ಮೇಲೆ ಒಂದು ಕೊಟ್ಟು ಸುಮ್ಮನಿರಿಸಿದೆ. ಬಿಲ್ ಬಂದಾಗ ಎದುರಿಗೆ ಒಬ್ಬ ಮನುಷ್ಯ ಇರುತ್ತಿದ್ದ. ಗಡಿಯಾರಕ್ಕೆ ನಾನು ಎದ್ದೆನೋ ಇಲ್ಲವೋ ಯಾಕೆ ಬೇಕು?

ಅಂಕ ಎಂಟು. ಸುಳ್ಳಲ್ಲ.

ಗವಿಸಿದ್ದೇಶ್


ಬೆಂಗಳೂರು
9 ಜನವರಿ 2005

ಗವಿಸಿದ್ದೇಶ್,

ನಾನೂ ಒಂದು ಮೊಬೈಲು ಕೊಂಡಿದ್ದೇನೆ. ನಿಮ್ಮ ಬೂತಿನ ನಂಬರನ್ನು ಎಕ್ಸ್‌ಚೇಂಜಿನಲ್ಲಿ ಕೇಳಿ ಬರೆದುಕೊಂಡೆ. ನಿಮ್ಮ ಹೊಟ್ಟೆಯ ಮೇಲೆ ಹೊಡೆದದ್ದು ಇದೇ, ಗೊತ್ತಿದೆ. ಈಗ ಅದರಿಂದಲೇ ಕೆಲಸ ಮಾಡಿಸೋಣ.

ಬರುವ ಹದಿನೇಳನೇ ತಾರೀಖಿನಿಂದ ಬೆಳಿಗ್ಗೆ ಒಂಬತ್ತರಿಂದ ಸಂಜೆ ಐದರವರೆಗೆ ಅರ್ಧ ಗಂಟೆಗೊಮ್ಮೆ ನಿಮ್ಮ ಬೂತಿಗೆ ಮಿಸ್ಡ್ ಕಾಲ್ ಕೊಡುತ್ತೇನೆ. ಎರಡು ಸಲ ರಿಂಗ್ ಆಗಿ ನಿಲ್ಲುತ್ತದೆ. ರಿಸೀವರ್ ಮುಟ್ಟಬೇಡಿ, ಮುಟ್ಟಿದರೆ ನನ್ನ ಕರೆನ್ಸಿ ಖಾಲಿ. ಕೈಯೂರಿ ಮೈ ಎತ್ತಿ, ಇಪ್ಪತ್ತು ಎಣಿಸಿ, ಇಳಿಯಿರಿ. ವಾರ್ಡಿನಲ್ಲಿ ಎಲ್ಲರಿಗೂ ಅರ್ಧ ಗಂಟೆಗೊಮ್ಮೆ "ಎತ್ತಿ, ಎತ್ತಿ" ಎಂದು ಕೂಗುವುದು ನನ್ನ ಕೆಲಸವೇ. ಇನ್ನೊಂದು ಮಂಚ ಕೊಟ್ಟೂರಿನಲ್ಲಿದೆ ಎಂದುಕೊಳ್ಳುತ್ತೇನೆ.

ಭಾನುವಾರ ನನಗೆ ರಜೆ. ಅವತ್ತು ನೀವೇ ನೆನಪಿಟ್ಟುಕೊಳ್ಳಿ.

ಪುಷ್ಪಲತಾ


ಕೊಟ್ಟೂರು
14 ಮಾರ್ಚ್ 2005

ಸಿಸ್ಟರ್,

ಅಂಕ ನಾಲ್ಕು. ಮಜೀದನ ಸಹಿಯಿದೆ.

ಎರಡು ತಿಂಗಳಿಂದ ದಿನಕ್ಕೆ ಹದಿನೇಳು ಸಲ ನಿಮ್ಮ ರಿಂಗು ಬರುತ್ತಿದೆ, ಒಂದೂ ತಪ್ಪಿಸಿಲ್ಲ. ಬುಧವಾರ ಹತ್ತೂವರೆಯದು ಆರು ನಿಮಿಷ ತಡವಾಯಿತು. ವಾರ್ಡಿನಲ್ಲಿ ಏನೋ ಆಗಿರಬೇಕು ಎಂದು ದಿನವೆಲ್ಲ ಯೋಚಿಸಿದೆ.

ನಿನ್ನೆ ಭಾನುವಾರ. ರಿಂಗು ಬರುವುದಿಲ್ಲವೆಂದು ನಾನೇ ಗಡಿಯಾರ ನೋಡುತ್ತಾ ಕೂತಿದ್ದೆ. ಹನ್ನೊಂದಕ್ಕೆ ಫೋನು ಹೊಡೆದುಕೊಂಡಿತು. ಕೈಯೂರಿ ಎದ್ದೆ. ಎರಡು ರಿಂಗಿಗೆ ನಿಲ್ಲಬೇಕಾದ್ದು ನಿಲ್ಲಲಿಲ್ಲ. ಇಪ್ಪತ್ತು ಎಣಿಸುವವರೆಗೂ ಹೊಡೆದುಕೊಳ್ಳುತ್ತಲೇ ಇತ್ತು. ಮಜೀದ ಶಾಪಿನಿಂದ ಕೂಗಿದ: "ಲೇ ಸಿದ್ದಾ, ಕಿವಿ ಕೆಟ್ಟಾವೇನ್ಲೇ? ತಗೊಳ್ಳೋ ಅದನ್ನ!" "ನನಗಲ್ಲೋ, ನನ್ನ ಬೆನ್ನಿಗೆ ಬಂದೈತಿ" ಅಂದೆ. ಆಮೇಲೆ ನಿಂತಿತು.

ನೀವು ಮುಟ್ಟಬೇಡಿ ಅಂದಿದ್ದಿರಿ, ಅದಕ್ಕೆ ಮುಟ್ಟಲಿಲ್ಲ. ಏಳು ವರ್ಷವಾಯಿತು ಸಿಸ್ಟರ್, ನಿಮ್ಮ ಧ್ವನಿ ಹೇಗಿತ್ತು ಎಂಬುದು ನನಗೆ ಮರೆತಿದೆ. ನಿನ್ನೆ ಬಂದದ್ದು ನಿಮ್ಮದೇ ಹೌದೋ, ಬೇರೆ ಯಾರದೋ ರಾಂಗ್ ನಂಬರೋ? ನಿಮ್ಮದಾದರೆ ನಾನು ತಪ್ಪು ಮಾಡಿದೆನೇ?

ಗವಿಸಿದ್ದೇಶ್


ಬೆಂಗಳೂರು
19 ಮಾರ್ಚ್ 2005

ಗವಿಸಿದ್ದೇಶ್,

ನನ್ನದೇ.

ಭಾನುವಾರ ಬೆಳಿಗ್ಗೆ ಎದ್ದು, ಬಟ್ಟೆ ಒಗೆದು, ಅನ್ನ ಮಾಡಿದೆ. ಹನ್ನೊಂದಾದರೂ ಯಾರ ಜೊತೆಗೂ ಒಂದು ಮಾತು ಆಡಿರಲಿಲ್ಲ. ಹಿಂದಿನ ಭಾನುವಾರವೂ ಹೀಗೇ ಇತ್ತು, ಅದರ ಹಿಂದಿನದೂ. ನಿಮ್ಮ ಬೂತಿನ ನಂಬರು ಬೆರಳಿಗೆ ರೂಢಿಯಾಗಿದೆ, ಒತ್ತಿದೆ. ಕಟ್ ಮಾಡಲು ಮನಸ್ಸು ಬರಲಿಲ್ಲ. ನೀವು ತೆಗೆದುಕೊಳ್ಳುವುದಿಲ್ಲ ಎಂದು ಗೊತ್ತಿದ್ದೂ ಕಾದೆ.

ನೀವು ಮಾಡಿದ್ದು ತಪ್ಪಲ್ಲ, ನಾನು ಹೇಳಿದ ಹಾಗೇ ಮಾಡಿದ್ದೀರಿ. ಇನ್ನು ಮುಂದೆ ಹೀಗೆ ಮಾಡಿ. ಎರಡಕ್ಕೆ ನಿಂತರೆ ಅದು ನಿಮ್ಮ ಬೆನ್ನಿಗೆ. ಮೂರನೆಯ ರಿಂಗು ಬಂದರೆ ಅದು ನನಗಾಗಿ.

ಮೊದಲು ಮೈ ಎತ್ತಿ ಇಪ್ಪತ್ತು ಎಣಿಸಿ, ಆಮೇಲೆ ತೆಗೆದುಕೊಳ್ಳಿ. ಅಲ್ಲಿಯವರೆಗೆ ನಾನು ಕಟ್ ಮಾಡುವುದಿಲ್ಲ.

ಪುಷ್ಪಲತಾ